ಸ್ಯಾಂಡಿಲೆ ತುಂಬಿದ ಗಾಳಿ

“ಕೈ ತೆಗೀರಿ ಬಾಬಾ! ಆ ಮುಚ್ಚಳ ಮುಟ್ಟಬೇಡಿ!”

ಜಬುಲಾನಿಯ ಬೆರಳು ಸೈಕಲ್ಲಿನ ಹಿಂದಿನ ಶಾಕ್‌ನ, ಅಂದರೆ ಕುಲುಕಾಟ ನುಂಗುವ ಗಾಳಿ ಸಿಲಿಂಡರಿನ, ವಾಲ್ವಿನ ಮೇಲೇ ನಿಂತುಹೋಯಿತು. ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ಲಿನಿಂದ ಕಾರ್ಕ್ಲೂಫ್ ಕಾಡಿನ ಕೆಂಪು ಕೆಸರು ತೊಟ್ಟಿಕ್ಕುತ್ತಿತ್ತು. ಬಾಗಿಲಲ್ಲಿ ಫಿಕಿಲೆ ನಿಂತಿದ್ದಳು. ಹೆಲ್ಮೆಟ್ ಇನ್ನೂ ತಲೆಯ ಮೇಲಿತ್ತು.

“ಒರೆಸ್ತಿದ್ದೆ ಅಷ್ಟೇ, ಮಗಳೇ.”

“ಒರೆಸೋದೂ ಬೇಡ. ಅದರೊಳಗಿರೋದು ಸ್ಯಾಂಡಿಲೆ ತುಂಬಿದ ಗಾಳಿ.”

ಅದು ನಿಜವೇ. ಜಬುಲಾನಿ ಕಣ್ಣಾರೆ ಕಂಡಿದ್ದ. ಚಳಿಗಾಲದಲ್ಲಿ ಈ ಶಾಕ್ ಬಿಚ್ಚಿ, ಒಳಗಿನ ರಬ್ಬರ್ ಉಂಗುರಗಳನ್ನು ಬದಲಿಸಿ ಕೊಟ್ಟವನು ಅವನೇ. ಗಾಳಿಯನ್ನು ಮಾತ್ರ ಅವಳ ಗಂಡ ಸ್ಯಾಂಡಿಲೆ ಪಂಪ್ ಕಿತ್ತುಕೊಂಡು ತಾನೇ ತುಂಬಿದ್ದ. “ನನ್ನ ಹೊಟ್ಟೆ ಎಷ್ಟು ಭಾರ ಅಂತ ನನಗಿಂತ ನಿಮಗೆ ಗೊತ್ತಾ?” ಎಂದು ನಕ್ಕಿದ್ದ. ತೊಂಬತ್ತು ಕಿಲೋದ ಆಳು, ಸದಾ ಅವಸರದವನು.

ಅದೇ ವಾರ ಕಾಡಿನ ದೊಡ್ಡ ಜಿಗಿತದಲ್ಲಿ ಸೈಕಲ್ಲಿನ ಹಿಂಭಾಗ ಪೂರ್ತಿ ಕುಸಿದು, ಪುಟಿದು, ಅವನನ್ನು ಹ್ಯಾಂಡಲಿನ ಮೇಲಿಂದ ಎಸೆದುಬಿಟ್ಟಿತು. ಸೈಕಲ್ಲಿಗೆ ಒಂದು ಗೀರೂ ಬೀಳಲಿಲ್ಲ.

ಗಂಡ ಸತ್ತ ಮೇಲೆ ಫಿಕಿಲೆ ಅದನ್ನು ಮಾರಲಿಲ್ಲ. ತಾನೇ ಓಡಿಸತೊಡಗಿದಳು. ಒಂದೊಂದಾಗಿ ಎಲ್ಲವನ್ನೂ ಬದಲಿಸಿದಳು: ಚಕ್ರ, ಚೈನು, ಕೀಲುಗಳ ಬೇರಿಂಗು. ಇವತ್ತು ಹೊಸ ಬ್ರೇಕು. ಹಿಂದಿನ ಶಾಕ್‌ಗೆ ಮಾತ್ರ ಯಾರೂ ಕೈ ಹಾಕುವಂತಿಲ್ಲ. ಒತ್ತಡ ಅಳೆಯಲು ಪಂಪ್ ತಾಗಿಸಿದರೂ ಅದರ ಕೊಳವೆಗೆ ಒಂದು ಗುಟುಕು ಗಾಳಿ ಹೋಗುತ್ತದೆ. ಆ ಒಂದು ಗುಟುಕನ್ನೂ ಅವಳು ಬಿಟ್ಟುಕೊಡಲು ಒಪ್ಪಳು.

ಜಬುಲಾನಿ ಬಗ್ಗಿ ನೋಡಿದ. ಶಾಕ್‌ನ ದಂಡದ ಮೇಲೆ ಒಂದು ಪುಟ್ಟ ರಬ್ಬರ್ ಬಳೆ ಇರುತ್ತದೆ. ಸವಾರಿಯಲ್ಲಿ ಶಾಕ್ ಎಷ್ಟು ಆಳಕ್ಕೆ ಕುಗ್ಗಿತೋ ಅಲ್ಲಿಗೆ ಅದು ಸರಿದು ನಿಲ್ಲುತ್ತದೆ. ಒಬ್ಬೊಬ್ಬರ ತೂಕಕ್ಕೆ ಒಂದೊಂದು ಗಾಳಿ; ತೂಕ ಹೆಚ್ಚಾದಷ್ಟು ಗಾಳಿಯೂ ಹೆಚ್ಚು. ಈ ಕಾಡಿನ ಸವಾರರು ಸೈಕಲ್ ಎರವಲು ಕೊಟ್ಟರೆ ಪಂಪನ್ನೂ ಜೊತೆಗೇ ಕೊಡುತ್ತಾರೆ. ತೊಂಬತ್ತು ಕಿಲೋದವನ ಗಾಳಿಯ ಮೇಲೆ ಈ ಕಡ್ಡಿಯಂಥ ಹುಡುಗಿ ಕೂತರೆ ಬಳೆ ಅರ್ಧ ದಾರಿಯೂ ಹೋಗಬಾರದು.

ಬಳೆ ತುದಿಯ ಹತ್ತಿರ ಕೂತಿತ್ತು. ಪ್ರತಿ ಸಲವೂ ಅಲ್ಲೇ ಕೂತಿರುತ್ತಿತ್ತು.

“ಇದು ನೀನೊಬ್ಬಳೇ ಕೂತರೆ ಆಗೋ ಕೆಲಸ ಅಲ್ಲ,” ಎಂದ ಜಬುಲಾನಿ.

“ನಾನೊಬ್ಬಳೇ ಅಂತ ಯಾರು ಹೇಳಿದ್ರು?” ಫಿಕಿಲೆಯ ದನಿ ಏರಲಿಲ್ಲ. “ಇಳಿಜಾರಲ್ಲಿ ಬೆನ್ನ ಹಿಂದೆ ಉಸಿರು ಕೇಳಿಸುತ್ತೆ. ತಿರುಗಿ ನೋಡಲ್ಲ.”

“ಹಿರಿಯರು ಮುಳ್ಳುಕೊಂಬೆ ಹಿಡಿದು, ಬಿದ್ದ ಜಾಗದಿಂದ ಅವನ ಆತ್ಮಾನ ಮನೆಗೆ ಕರ್ಕೊಂಡು ಬಂದ್ರಲ್ಲ?”

“ಬರೀ ಕೊಂಬೆ ಬಂತು ಬಾಬಾ. ಅವನು ನನ್ನ ಬಿಟ್ಟು ಹೋಗಲ್ಲ.”

ಜಬುಲಾನಿಯ ಮೈ ಜುಮ್ಮೆಂದಿತು. ಆದರೆ ಅವನ ಹೆದರಿಕೆ ಬೇರೆಯೇ. ದೆವ್ವಕ್ಕೆ ತೂಕವಿಲ್ಲ. ಶಾಕ್ ಸೋರಿದರೆ ಮಾತ್ರ ಬಳೆ ಇಷ್ಟು ಇಳಿಯುತ್ತದೆ. ಸೋರಿದ್ದರೆ, ತಾನು ಕೂರಿಸಿದ ರಬ್ಬರ್ ಉಂಗುರವೇ ಕಾರಣ. ಆ ಜಿಗಿತಕ್ಕೂ ಅದೇ ಕಾರಣ. ಚಳಿಗಾಲದಿಂದ ಈ ಲೆಕ್ಕ ಅವನ ತಲೆಯಲ್ಲಿ ಸುತ್ತುತ್ತಿತ್ತು. ಊರಿನ ತಲೆಯಲ್ಲೂ.

“ಆಯ್ತೇನಪ್ಪಾ ಡಾಕ್ಟ್ರೇ ನನ್ನ ಗಾಡಿ?” ಗೋವೆಂಡರ್ ಒಳಬಂದ. ಹಳೆಯ ಗಿರಾಕಿ. ಕೈಯಲ್ಲಿ ಅಮಗ್ವಿನ್ಯ ಎಂಬ ಕರಿದ ಉಂಡೆಗಳ ಎಣ್ಣೆ ಪೊಟ್ಟಣ, ಬಾಯಲ್ಲೂ ಅದೇ. “ಚೈನಿಗೆ ಎಣ್ಣೆ ಬಿಟ್ಟಿದ್ದೀಯಲ್ಲ, ಸಾಕು. ಶಾಕ್‌ಗೆ ಕೈ ಹಾಕಿಲ್ಲ ತಾನೆ? ನನಗೆ ಹೆಂಡತಿ ಮಕ್ಕಳಿದ್ದಾರೆ ಮಾರಾಯ!”

ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಫಿಕಿಲೆಯನ್ನು ಕಂಡ. ಪೊಟ್ಟಣವನ್ನು ಜೇಬಿಗೆ ತುರುಕಿದ. ತನ್ನ ಸೈಕಲ್ ತಳ್ಳಿಕೊಂಡು ಹೊರಗಿನ ಮಂಜಿನಲ್ಲಿ ಸೇರಿಹೋದ.

ಫಿಕಿಲೆ ನೆಲ ನೋಡುತ್ತಿದ್ದಳು.

“ಕೇಳಿದೆಯಲ್ಲ?” ಜಬುಲಾನಿ ಕೈಯೊರೆಸುವ ಬಟ್ಟೆಯನ್ನು ಬೆಂಚಿನ ಮೇಲೆಸೆದ. “ಮುಖದ ಮೇಲೆ ಹೇಳೋನು ಇವನೊಬ್ಬ. ಮಿಕ್ಕವರು ಬರೋದನ್ನೇ ಬಿಟ್ಟಿದ್ದಾರೆ. ಅಂಗಡಿ ಹಾಳಾಗಿ ಹೋಗ್ಲಿ. ಅವನನ್ನ ಕೊಂದೋನು ನಾನೇನಾ, ಅದು ನನಗೆ ಗೊತ್ತಾಗಬೇಕು. ಊಟ ಸೇರ್ತಿಲ್ಲ ಕಣೇ. ಒಂದು ಗುಟುಕು ಗಾಳಿ ಕೊಡು. ಕಾಲಿಗೆ ಬೀಳ್ತೀನಿ.”

ತನ್ನ ತಂದೆಯ ವಯಸ್ಸಿನವನು ನಿಜವಾಗಿಯೂ ಬಗ್ಗಿದ್ದನ್ನು ಕಂಡು ಅವಳು ಹಿಂದೆ ಸರಿದಳು. ಕೊನೆಗೆ ಕೈಗವಸು ಕಳಚಿ, ಸೈಕಲ್ಲಿನ ಹತ್ತಿರ ಬಂದು, ವಾಲ್ವಿನ ಮುಚ್ಚಳವನ್ನು ತಾನೇ ತಿರುಗಿಸಿ ತೆಗೆದಳು.

“ನೋಡಿ,” ಎಂದಳು.

ಜಬುಲಾನಿ ಪಂಪಿನ ಕೊಳವೆ ಬಿಗಿದ. ಪಂಪಿನ ಒತ್ತಡಮಾಪಕದ ಮುಳ್ಳು ಎದ್ದು, ನಡುಗಿ, ನಿಂತಿತು.

ಕಡಿಮೆ. ಸ್ಯಾಂಡಿಲೆ ನಗುತ್ತಾ ತುಂಬಿದ್ದಕ್ಕಿಂತ ತುಂಬ ಕಡಿಮೆ. ಕೊಳವೆಗೆ ಹೋದ ಗುಟುಕನ್ನು ಸೇರಿಸಿದರೂ ಕಡಿಮೆ.

ಸ್ಟೂಲು ಎಳೆದುಕೊಂಡು ಕೂತ. ಹಾಗಾದರೆ ಕೊಂದವನು ತಾನೇ. ಆದರೂ ಕೈ ಅಭ್ಯಾಸಬಲದಿಂದ ಸಾಬೂನು ನೀರಿಗೆ ಚಾಚಿತು. ಎಲ್ಲಿ ಸೋರುತ್ತಿದೆ ಎಂದಾದರೂ ನೋಡಬೇಕಲ್ಲ. ಬ್ರಷ್ಷಿನಿಂದ ನೊರೆಯನ್ನು ಸಂದುಸಂದಿಗೂ ಬಳಿದ. ಕಣ್ಣು ಮಿಟುಕಿಸದೆ ಕಾದ.

ಒಂದು ಗುಳ್ಳೆಯೂ ಏಳಲಿಲ್ಲ. ಇನ್ನೊಮ್ಮೆ ಬಳಿದ. ನೊರೆ ಒಣಗಿತು. ಮುಳ್ಳು ನಿಂತಲ್ಲೇ ನಿಂತಿತ್ತು, ಮೊಳೆ ಹೊಡೆದಂತೆ.

“ಸೋರ್ತಿಲ್ಲ,” ಎಂದ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. “ರಬ್ಬರ್ ಗಟ್ಟಿಯಾಗಿದೆ ಮಗಳೇ! ಒಂಚೂರೂ ಸೋರಿಲ್ಲ!”

ಅವಳು ಕೈಯಲ್ಲಿದ್ದ ಮುಚ್ಚಳವನ್ನೇ ನೋಡುತ್ತಿದ್ದಳು.

ಸೋರದ ಶಾಕ್‌ನಲ್ಲಿ ಗಾಳಿ ಕಡಿಮೆಯಾಗುವುದು ಹೇಗೆ? ಜಬುಲಾನಿ ಮತ್ತೆ ಮುಳ್ಳು ನೋಡಿದ. ಈ ಅಂಕಿ ಅವನಿಗೆ ಹೊಸದಲ್ಲ. ಐವತ್ತೈದು ಕಿಲೋ ತೂಗುವವರು ಅಂಗಡಿಗೆ ಬಂದರೆ ಯೋಚಿಸದೆ ಇಷ್ಟಕ್ಕೇ ನಿಲ್ಲಿಸುತ್ತಿದ್ದ. ಬಳೆ ಸುಳ್ಳು ಹೇಳಿರಲಿಲ್ಲ. ಓಡಿಸುವವಳ ತೂಕಕ್ಕೆ ಎಷ್ಟು ಬೇಕೋ ಅಷ್ಟೇ ಇಳಿದಿತ್ತು.

ಅವನು ನಿಧಾನವಾಗಿ ತಲೆಯೆತ್ತಿದ.

“ಅವನು ಬೀಳೋ ಹಿಂದಿನ ಸಂಜೆ, ನಾನು ಓಡಿಸೋಕೆ ಅಂತ ಗಾಳಿ ಇಳಿಸಿದ್ದು ಬಾಬಾ,” ಎಂದಳು ಫಿಕಿಲೆ. “ಅವನಿಗೆ ಹೇಳೋದು ಮರೆತೆ.”