ಕೆಂಪು ಕೋಲು, ನೀಲಿ ಕೋಲು

ತೀರ್ಪುಗಾರರಾದ ಆದಪ್ಪ ಮೇಷ್ಟ್ರು ಸೀಟಿ ಬಾಯಿಗಿಟ್ಟುಕೊಂಡಾಗ, ಓಡಬೇಕಾದವರು ತಾವೇ ಏನೋ ಎನ್ನುವಂತೆ ಸುರೇಖಾ ಟೀಚರ ಎದೆ ಹೊಡೆದುಕೊಳ್ಳತೊಡಗಿತು. ಮಸ್ಕಿಯ ಊರಂಚಿನ ಪ್ರಾಥಮಿಕ ಶಾಲೆಗಳೆಲ್ಲ ಕೂಡಿದ ಕ್ರೀಡಾಕೂಟ. ಕೊನೆಯ ಸ್ಪರ್ಧೆ ಹುಡುಗಿಯರ ರಿಲೇ. ಸೀಟಿ ಕೂಗಿದ್ದೇ ತಡ, ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು.

ಈ ಸಲ ಕಪ್ ಬೇಕೇ ಬೇಕಿತ್ತು. ಸುರೇಖಾ ಕನ್ನಡ ಶಾಲೆಯ ಮುಖ್ಯಗುರು. ಅದೇ ಕಾಂಪೌಂಡಿನಲ್ಲಿ, ಗೋಡೆಗೆ ಗೋಡೆ ಹತ್ತಿಕೊಂಡು ಉರ್ದು ಶಾಲೆ. ಅದಕ್ಕೆ ವಾಸಿಂ ಸರ್ ಮುಖ್ಯಗುರು. ಎರಡಕ್ಕೂ ಒಂದೇ ಅಂಗಳ, ಒಂದೇ ಗಂಟೆ, ಪಡಸಾಲೆಯಲ್ಲಿ ಒಂದೇ ಗಾಜಿನ ಕಪಾಟು. ಕಪಾಟಿನ ಮೇಲಿನ ಅರೆಯಲ್ಲಿ ಉರ್ದು ಶಾಲೆಯ ಕಪ್‌ಗಳು ಥಳಥಳ ಹೊಳೆಯುತ್ತವೆ. ಕೆಳಗಿನ ಅರೆ ಸುರೇಖಾರದು, ಅಲ್ಲಿ ಸೀಮೆಸುಣ್ಣದ ಡಬ್ಬಿಗಳು ಮತ್ತು ಒಂದು ಒಡಕು ಗ್ಲೋಬು. ತಪಾಸಣೆಗೆ ಬಂದ ಸಾಹೇಬರೆಲ್ಲ ಮೇಲಿನ ಅರೆಯನ್ನೇ ನೋಡಿ ಹೊಗಳಿ ಹೋಗುತ್ತಿದ್ದರು. ಇವತ್ತು ಮುಂಜಾನೆ ಸುರೇಖಾ ಡಬ್ಬಿ, ಗ್ಲೋಬು ತೆಗೆದಿಟ್ಟು, ಆ ಅರೆಯನ್ನು ಸೆರಗಿನಿಂದ ಒರೆಸಿಯೇ ಬಂದಿದ್ದರು.

ಕನ್ನಡ ಶಾಲೆಗೆ ಕೆಂಪು ಕೋಲು, ಪಕ್ಕದ ಗೆರೆಯಲ್ಲಿ ಉರ್ದು ಶಾಲೆಗೆ ನೀಲಿ ಕೋಲು, ಅದರಾಚೆ ಕಾಲುವೆ ಬದಿಯ ಕ್ಯಾಂಪಿನ ಶಾಲೆ ಮತ್ತು ಉಳಿದವು. ಎರಡನೇ ಹುಡುಗಿಯ ತನಕ ಕೆಂಪು, ನೀಲಿ ಸರಿಸಮ. ಮೂರನೆಯವಳಾಗಿ ಸಂಘಮಿತ್ರಾಳ ಕೈಗೆ ಕೆಂಪು ಕೋಲು ಬಂತು ನೋಡಿ, ಆ ಸಣಕಲು ಹುಡುಗಿಗೆ ಎಲ್ಲಿತ್ತೋ ಆ ಕಸುವು! ಜಡೆ ಬಿಚ್ಚಿ ಹಾರುತ್ತಿತ್ತು, ಧೂಳು ಹಿಂದೆ ಏಳುತ್ತಿತ್ತು.

"ಬಿಡಬ್ಯಾಡಬೇ, ಬಿಡಬ್ಯಾಡ!" ಸುರೇಖಾ ಚಪ್ಪಲಿ ಬಿಟ್ಟು ಗೆರೆಯ ಗುಂಟ ತಾವೂ ಓಡಿದರು.

ಮುಂದೆ ಕೊನೆಯ ಓಟಕ್ಕೆ ಪಾರ್ವತಿ ಕೈ ನೀಡಿ ನಿಂತಿದ್ದಳು. ಅವಳ ಪಕ್ಕದ ಗೆರೆಯಲ್ಲಿ ಉರ್ದು ಶಾಲೆಯ ಅಸ್ಮಾಳೂ ಕೈ ನೀಡಿ ನಿಂತಿದ್ದಳು. ಸಂಘಮಿತ್ರಾ ಬಿರುಗಾಳಿಯ ಹಾಗೆ ಬಂದವಳೇ ಕೆಂಪು ಕೋಲನ್ನು ಅಸ್ಮಾಳ ಕೈಗಿಟ್ಟಳು! ಅಸ್ಮಾ ಹಿಂದೆ ಮುಂದೆ ನೋಡದೆ ಕಿತ್ತಳು ಕಾಲು. ಪಾರ್ವತಿ ಬಾಯಿ ಬಿಟ್ಟುಕೊಂಡು ನಿಂತಿರುವಾಗಲೇ ಉರ್ದು ಶಾಲೆಯ ಮಹೆಕ್ ನೀಲಿ ಕೋಲು ಹಿಡಿದು ಬಂದು, ಅಸ್ಮಾ ಎಲ್ಲಿ ಎಂದು ಕಂಗಾಲಾಗಿ ಸುತ್ತ ನೋಡಿದಳು. "ತಾ ಇಲ್ಲಿ!" ಎಂದು ಪಾರ್ವತಿ ಅದನ್ನು ಕಸಿದುಕೊಂಡು ಹಾರಿದಳು. ಅಸ್ಮಾ ಮೊದಲು, ಪಾರ್ವತಿ ಎರಡನೆಯವಳು. ಮೈದಾನ ಹುಚ್ಚೆದ್ದು ಕೂಗುತ್ತಿತ್ತು, ಯಾರಿಗೆ ಕೂಗುತ್ತಿದ್ದೇವೆಂದು ಕೂಗಿದವರಿಗೇ ಗೊತ್ತಿರಲಿಲ್ಲ.

ತಪ್ಪು ಎಲ್ಲಿ ಹುಟ್ಟಿತೆಂದು ಸುರೇಖಾರಿಗೆ ತಟ್ಟನೆ ಹೊಳೆಯಿತು. ಪಾರ್ವತಿ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವಷ್ಟರಲ್ಲಿ ದಿನಾ ಮುಂಜಾನೆಯ ಅಭ್ಯಾಸ ಮುಗಿದು ಗಂಟೆ ಹೊಡೆದಿರುತ್ತಿತ್ತು. ಅಷ್ಟು ಹೊತ್ತು ಸಂಘಮಿತ್ರಾ ಅಂಗಳದಲ್ಲಿ ಸಿಕ್ಕ ಅಸ್ಮಾಳ ಜೊತೆಗೇ ಕೋಲು ಕೊಡುವುದನ್ನು ರೂಢಿ ಮಾಡಿಕೊಂಡಿದ್ದಳು. ನೋಡಿಯೂ, ಓಡಲಿ ಬಿಡು, ಕಾಲು ಹದವಾಗುತ್ತದೆ ಎಂದು ಸುಮ್ಮನಿದ್ದವರು ತಾವೇ. ಆದರೆ ಅದನ್ನೆಲ್ಲ ಹೇಳಲು ಇದು ಹೊತ್ತಲ್ಲ.

"ಕೆಂಪು ಕೋಲು ನಮ್ದು! ಫಸ್ಟ್ ನಾವ!" ಎಂದು ಆದಪ್ಪ ಮೇಷ್ಟ್ರ ಮುಂದೆ ಹೋಗಿ ನಿಂತರು.

"ಅರೇ, ಕೋಲು ತಾನ ಓಡತೈತೇನ್ರೀ ಮೇಡಂ? ಓಡಿದ ಹುಡುಗಿ ನಮ್ಮಾಕಿ!" ವಾಸಿಂ ಸರ್ ಅಡ್ಡ ಬಂದರು.

"ಇಬ್ಬರೂ ಔಟ್," ಎಂದರು ಆದಪ್ಪ ಮೇಷ್ಟ್ರು. "ಕಪ್ ಮೂರನೇದಾಗಿ ಬಂದ ಕ್ಯಾಂಪಿನ ಸಾಲಿಗೆ."

ಈಗ ಇಬ್ಬರೂ ಒಂದಾಗಿ ಅವರ ಮೇಲೆ ಏರಿ ಹೋದರು. "ಎಲ್ಲಿ ಔಟ್ ರೀ? ನಮ್ದು ಒಂದ ಅಂಗಳ, ಒಂದ ಗಂಟಿ! ಬ್ಯಾರೆ ಅಂತ ಯಾರು ಅಂದಾರ?" ಎಂದರು ಸುರೇಖಾ. "ಹಾಂ, ಮೇಡಂ ಹೇಳೋದು ಬರೋಬ್ಬರಿ ಐತಿ," ಎಂದರು ವಾಸಿಂ ಸರ್.

ಆದಪ್ಪ ಮೇಷ್ಟ್ರು ಕಿಸೆಯಿಂದ ಪೆನ್ನು ತೆಗೆದು ಮುಂದೆ ಹಿಡಿದರು. "ಹಂಗಾರ ಎರಡೂ ಕೂಡಿ ಒಂದ ಸಾಲಿ ಅಂತ ಸಹಿ ಮಾಡಿ ಕೊಡ್ರಿ. ಕಪ್ ಈಗ ಕೊಡ್ತೀನಿ. ಇಲಾಖಿಗೂ ತಿಳಿಸ್ತೀನಿ."

ಒಂದು ಶಾಲೆ ಎಂದರೆ ಒಂದೇ ಮುಖ್ಯಗುರು, ಒಂದೇ ಕುರ್ಚಿ. ಸುರೇಖಾ ವಾಸಿಂ ಸರ್ ಕಡೆ ನೋಡಿದರು. ವಾಸಿಂ ಸರ್ ಸುರೇಖಾರ ಕಡೆ ನೋಡಿದರು. ಪೆನ್ನಿಗೆ ಯಾರೂ ಕೈ ಚಾಚಲಿಲ್ಲ. ಕ್ಯಾಂಪಿನ ಹುಡುಗಿಯರು ನಂಬಲಾಗದೆ ಕಿರುಚುತ್ತ ಬಂದು ಕಪ್ ಎತ್ತಿಕೊಂಡು ಹೋದರು.

ಒರೆಸಿಟ್ಟು ಬಂದ ಖಾಲಿ ಅರೆ ಕಣ್ಣ ಮುಂದೆ ಬಂದು ಸುರೇಖಾರಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು. ಸಂಘಮಿತ್ರಾಳನ್ನು ರಟ್ಟೆ ಹಿಡಿದು ನಿಲ್ಲಿಸಿದರು.

"ಯಾಕಬೇ ಆಕಿ ಕೈಯಾಗ ಕೊಟ್ಟಿ? ಪಾರ್ವತಿ ಬಾಜೂಕ ನಿಂತಿದ್ಲಲ್ಲ!"

ಹುಡುಗಿ ಇನ್ನೂ ಏದುಸಿರು ಬಿಡುತ್ತಿದ್ದಳು. ಅವಳ ಹೆಗಲ ಮೇಲೆ ಅಸ್ಮಾಳ ಕೈ, ಅಸ್ಮಾಳ ಬೆನ್ನಿಗೆ ಪಾರ್ವತಿ, ಮಹೆಕ್. ನಾಲ್ವರ ಮುಖವೂ ಕೆಂಪಡರಿ ಹೊಳೆಯುತ್ತಿತ್ತು.

"ಆಕಿ ಕೈ ಚಾಚಿದ್ಲಲ್ರೀ ಟೀಚರ್," ಎಂದಳು ಸಂಘಮಿತ್ರಾ. ಆಮೇಲೆ ಕಪ್ ಹೋದ ದಿಕ್ಕಿಗೆ ತಿರುಗಿ, ತನಗೆ ಅರ್ಥವೇ ಆಗದ ಒಂದು ಮಾತು ಕೇಳಿದಳು. "ಅವ್ರಿಗ್ಯಾಕ ಕೊಟ್ರಿ ರೀ ಕಪ್ಪ? ಫಸ್ಟೂ ನಾವ, ಸೆಕೆಂಡೂ ನಾವ ಬಂದೀವಲ್ರೀ!"