ಕುಂಡದಲ್ಲಿ ಹೂತ ಪೊಟ್ಟಣ

"ತಗೊಂಡು ಹೋಗಿಬಿಡಿ ಮೇಡಂ, ಈ ವಾರಾನೂ ಒಂದೂ ಖರ್ಚಾಗಲಿಲ್ಲ," ಎನ್ನುತ್ತ ಅಂಗಡಿಯವನು ಬಿಸ್ಕತ್ತಿನ ಪೆಟ್ಟಿಗೆಯನ್ನು ಸೊಸೆಯ ಮುಂದೆ ತಳ್ಳಿದ. "ಜನ ಕೈಗೆತ್ಕೊಳ್ತಾರೆ, ಅಲ್ಲಾಡಿಸ್ತಾರೆ, ಮೂಸ್ತಾರೆ, ವಾಪಸ್ ಇಡ್ತಾರೆ. ಒಳಗೇನಿದೆ ಅಂತ ಕಾಣಲ್ವಲ್ಲ! ಪ್ಲಾಸ್ಟಿಕ್ ಕವರ್‌ನಲ್ಲಿ ತನ್ನಿ, ನಾಳೇನೇ ಇಡ್ತೀನಿ."

ಸೊಸೆಯ ಮುಖ ಬಾಡಿತು. ಇದ್ದ ಕೆಲಸ ಬಿಟ್ಟು ಬಿಸ್ಕತ್ತು ಮಾಡಿ ಮಾರಲು ನಿಂತವಳು. ಚೂರು ಪ್ಲಾಸ್ಟಿಕ್ಕೂ ಬೇಡವೆಂದು ಹಟ ಹಿಡಿದು ಕಾಗದದ ಪೊಟ್ಟಣ ಮಾಡಿಸಿ, 'ಮೂರೇ ತಿಂಗಳಲ್ಲಿ ಮಣ್ಣಾಗುತ್ತದೆ' ಎಂದು ಅಚ್ಚು ಹಾಕಿಸಿದ್ದಳು. ಬೇರೆ ಅಂಗಡಿಗಳವರು ಆಗಲೇ ಕೈಮುಗಿದಿದ್ದರು. ಈತನೂ ಬಿಟ್ಟರೆ ಒಂದೋ ಪ್ಲಾಸ್ಟಿಕ್, ಇಲ್ಲವೇ ಬಿಸ್ಕತ್ತಿಗೇ ಎಳ್ಳುನೀರು.

"ಮೊದಲೇ ಬಡ್ಕೊಂಡೆ," ಜೊತೆಗೆ ಬಂದಿದ್ದ ಅತ್ತೆ ಗೊಣಗಿದರು. "ಮುಸುಕು ಹಾಕಿದ ತಿಂಡಿ ಯಾರು ತಗೋತಾರೆ ಅಂತ. ನನ್ನ ಮಾತು ಯಾರಿಗೆ ಬೇಕು?"

ಅಷ್ಟರಲ್ಲಿ ಕನ್ನಡಕದ ಗಿರಾಕಿಯೊಬ್ಬಳು ಪೊಟ್ಟಣ ಓದಿ ನಕ್ಕಳು. "ಮಣ್ಣಾಗುತ್ತಂತೆ! ಈಗ ಎಲ್ಲರೂ ಹೀಗೇ ಬರೀತಾರೆ. ನೋಡಿದೋರು ಯಾರು?"

ಅತ್ತೆಗೆ ಎಲ್ಲಿತ್ತೋ ಸಿಟ್ಟು! ಸೊಸೆಯನ್ನು ತಾವು ಅನ್ನಬಹುದು, ಕಂಡವರು ಅನ್ನುವಂತಿಲ್ಲ. "ಇಲ್ಲೇ ಇರಮ್ಮ, ಕದಲಬೇಡ," ಎಂದವರೇ ಎದುರಿಗೇ ಇದ್ದ ತಮ್ಮ ಮನೆಗೆ ಓಡಿ, ಏದುಸಿರು ಬಿಡುತ್ತ ಮಣ್ಣಿನ ಕುಂಡವೊಂದನ್ನು ಸೊಂಟದ ಮೇಲಿಟ್ಟುಕೊಂಡು ಬಂದರು. ಗಲ್ಲಾದ ಪಕ್ಕ ಅದನ್ನಿಟ್ಟು ಚಮಚದಿಂದ ಅಗೆಯತೊಡಗಿದರು. ಎರೆಹುಳುವೊಂದು ಮಿಸುಕಿತು. ತಿಂಡಿ ಮಾರುವ ಜಾಗದಲ್ಲಿ ಹುಳ! ಸೊಸೆ ಕಣ್ಣು ಮುಚ್ಚಿಕೊಂಡಳು.

"ಇಂಥದ್ದೇ ಪೊಟ್ಟಣ ಇದರಲ್ಲಿ ಹೂತಿದ್ದೆ. ಹುಡುಕು ತಾಯಿ," ಎಂದು ಅತ್ತೆ ಚಮಚವನ್ನು ಗಿರಾಕಿಯ ಕೈಗೇ ಕೊಟ್ಟರು. ಆಕೆ ತಳದವರೆಗೂ ಕೆದಕಿದಳು. ಮಣ್ಣು ಬಿಟ್ಟರೆ ಏನೂ ಇಲ್ಲ. ಕೈ ಒರೆಸಿಕೊಂಡು ಎರಡು ಪೊಟ್ಟಣ ಚೀಲಕ್ಕೆ ಹಾಕಿಕೊಂಡಳು. ಹಿಂದೆ ನಿಂತಿದ್ದವನೂ ಒಂದು ತೆಗೆದುಕೊಂಡ. ಅಂಗಡಿಯವನು ಪೆಟ್ಟಿಗೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು, "ಕುಂಡಾನೂ ಇಲ್ಲೇ ಇರ್ಲಿ ಅಮ್ಮ," ಎಂದ.

ಹೊರಗೆ ಬಂದ ಮೇಲೆ ಸೊಸೆ ಕೇಳಿದಳು: "ಯಾವಾಗ ಹೂತಿದ್ರಿ ಅತ್ತೆ? ನನಗೆ ಹೇಳ್ಲೇ ಇಲ್ಲ!"

"ನೀನು ಅಚ್ಚು ಹಾಕಿಸ್ಕೊಂಡು ಬಂದ ದಿನಾನೇ. ನಿನ್ನ ಸುಳ್ಳು ಹಿಡಿಯೋಣ ಅಂತ. ನಾಲ್ಕು ತಿಂಗಳು, ಒಂದು ದಿನ ತಪ್ಪದೆ ನೀರು ಹಾಕಿದೀನಿ, ಗೊತ್ತಾ?"

"ಸುಳ್ಳು ಹಿಡಿಯೋಕೆ ನೀರು ಯಾಕೆ ಅತ್ತೆ?"

ಅತ್ತೆ ಮುಖ ಆ ಕಡೆ ತಿರುಗಿಸಿದರು.

"ಒಣಗಿ ಬಿದ್ದಿದ್ರೆ ಮಣ್ಣಾಗ್ತಿತ್ತೇನೇ, ಪೆದ್ದಿ?"