ಎಡಸೀಟಿನ ಮೇಷ್ಟ್ರು

ಡ್ರೈವಿಂಗ್ ಸ್ಕೂಲಿನ ಕಾರಿಗೆ ಹಿಂದಿನ ಎರಡೂ ಬ್ರೇಕ್ ಕ್ಯಾಲಿಪರ್ ಹೊಸದಾಗಿ ಕೂರಿಸಿ, ಆಯಿಲ್ ಪೈಪಿನ ಗಾಳಿ ತೆಗೆದು, ಚಕ್ರ ಬಿಗಿ ಮಾಡಿದ ಮೇಲೆ ಮೆಕ್ಯಾನಿಕ್ ಗಫೂರ್ ಕೈ ಒರೆಸಿಕೊಂಡು ಕೀಲಿಯನ್ನು ಮೇಷ್ಟ್ರ ಮುಂದೆ ಹಿಡಿದ. ಅರ್ಧ ಊರಿಗೆ ಕಾರು ಕಲಿಸಿದ ಮೇಷ್ಟ್ರು ಅವರು. ಹತ್ತು ಗಂಟೆಗೆ ಅವರ ಶಿಷ್ಯರ ಲೈಸೆನ್ಸ್ ಟೆಸ್ಟು. ಅಷ್ಟರೊಳಗೆ ಈ ಕಾರು ಟೆಸ್ಟಿನ ಮೈದಾನದಲ್ಲಿ ಇರಲೇಬೇಕು.

“ಒಂದು ರೌಂಡು ಹೊಡೀರಿ ಮೇಷ್ಟ್ರೇ. ಬ್ರೇಕ್ ಕೆಲಸ ಅಂದ್ರೆ ಓನರೇ ಓಡ್ಸಿ ನೋಡ್ದೆ ನಾನು ಗಾಡಿ ಬಿಡಲ್ಲ.”

“ನೀನೇ ಓಡ್ಸಪ್ಪ, ನಿನ್ನ ಮೇಲೆ ನಂಬಿಕೆ ಇದೆ.”

“ನಂಬಿಕೆ ಇಟ್ಕೊಂಡೇ ಓಡ್ಸಿ.”

ಮೇಷ್ಟ್ರು ಗಡಿಯಾರ ನೋಡಿದರು. ಎಡಗಡೆ ಬಾಗಿಲು ತೆಗೆದು ತಮ್ಮ ಎಂದಿನ ಸೀಟಿನಲ್ಲಿ ಕೂತು, ಕಲಿಸುವವರಿಗೆಂದೇ ಅಲ್ಲಿ ಇಟ್ಟಿರುವ ಇನ್ನೊಂದು ಬ್ರೇಕನ್ನು ಒತ್ತಿದರು.

“ಭೇಷಾಗಿದೆ.”

“ನಿಂತಿರೋ ಗಾಡೀಲಿ ಎಲ್ಲಾ ಬ್ರೇಕೂ ಭೇಷೇ. ಬಲಗಡೆ ಬನ್ನಿ.”

“ಬಲಗಡೆ ಕೂತ್ರೆ ನಂಗೆ ಸೊಂಟ ಹಿಡಿಯುತ್ತೆ ಕಣೋ.”

“ಸರಿ, ಸೊಂಟ ಬಿಟ್ಮೇಲೆ ಗಾಡಿ ತಗೊಂಡ್ಹೋಗಿ,” ಎಂದು ಗಫೂರ್ ಕೀಲಿಯನ್ನು ಜೇಬಿಗೆ ಇಳಿಸಿ, ಚಹಾ ತರಿಸಿಕೊಂಡು ಸ್ಟೂಲಿನ ಮೇಲೆ ಆರಾಮಾಗಿ ಕೂತ.

ಒಂಬತ್ತೂವರೆಯಾಯಿತು. ಮೇಷ್ಟ್ರು ಬೆವರು ಒರೆಸಿಕೊಂಡು, ಅವನಿಗೆ ಬೆನ್ನು ತಿರುಗಿಸಿ ಅವತ್ತು ಟೆಸ್ಟಿದ್ದ ಶಿಷ್ಯೆಯೊಬ್ಬರಿಗೆ ಫೋನ್ ಮಾಡಿದರು. ದನಿ ತಗ್ಗಿಸಿದರೂ ಗಫೂರನಿಗೆ ಕೇಳಿಸಿತು.

“ವಿಶಾಲಾಕ್ಷಮ್ಮ, ಟೆಸ್ಟಿಗೆ ನೇರ ಹೋಗ್ಬೇಡಿ, ಗ್ಯಾರೇಜಿಗೆ ಬಂದು ಕಾರನ್ನ ಒಂದು ರೌಂಡು ಓಡ್ಸಿಕೊಡಿ. ಮೊದ್ಲಿಂದ್ಲೂ ನಂಗೆ ಬ್ರೇಕ್ ಒಂದು ಬಿಟ್ಟು ಇನ್ನೇನೂ ಬರಲ್ಲ.”